ಅಳಿಯಂದ್ರೇ, ಪೇಪರ್ ನೋಡಿದ್ರಾ?

ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಮನೆಯ ಫೋನು ಬಡಿದುಕೊಂಡರೆ ಅದು ತಿಪಟೂರಿನಿಂದ ಎಂದು ನೋಡದೆಯೇ ಹೇಳಬಹುದು. ನನ್ನಾಕೆ ಅಡುಗೆಮನೆಯಿಂದಲೇ ಕೂಗುತ್ತಾಳೆ: "ತಗೊಳ್ಳಿ, ಅಪ್ಪ. ನನಗಲ್ಲ, ನಿಮಗೆ."

"ಅಳಿಯಂದ್ರೇ, ಪೇಪರ್ ನೋಡಿದ್ರಾ?"

ನಮ್ಮ ಮಾವನವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿ ಗುಮಾಸ್ತರಾಗಿ ದುಡಿದವರು. ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ಅವರು ಪತ್ರಿಕೆ ಓದುತ್ತಾರೆ ಎಂದರೆ ತಪ್ಪಾಗುತ್ತದೆ, ಲೆಕ್ಕ ತಪಾಸಣೆ ಮಾಡುತ್ತಾರೆ ಎನ್ನಬೇಕು. ಕೈಯಲ್ಲಿ ಕೆಂಪು ಪೆನ್ನು ಇರುತ್ತದೆ. ಕಂಪ್ಯೂಟರ್ ಎಂಬ ಪದ ಕಂಡಲ್ಲೆಲ್ಲ ಒಂದು ಗೆರೆ, ಅದರ ಪಕ್ಕದಲ್ಲೇ 'ಉದ್ಯೋಗ ಕಡಿತ' ಎಂಬ ಪದವೂ ಇದ್ದರೆ ಎರಡು ಗೆರೆ. ಎರಡು ಗೆರೆ ಬಿದ್ದ ದಿನ ನನಗೆ ಫೋನು.

"ಏನು ಮಾವ ಇವತ್ತು?"

"ನಿಮ್ಮ ಕೆಲಸಾನೆಲ್ಲ ಇನ್ಮೇಲೆ ಆ ಎ.ಐ. ಮಷೀನೇ ಮಾಡುತ್ತಂತಲ್ಲ. ಸುಮ್ನೆ ಕೇಳ್ದೆ. ಅಂದಹಾಗೆ ಮನೆ ಸಾಲ ಇನ್ನೂ ಎಷ್ಟಿದೆ?"

ಮಗಳನ್ನು ಕೊಟ್ಟವರು ಕೇಳುವ ಪ್ರಶ್ನೆಯೇ. ನಾನು ಎಂದಿನಂತೆ ನಕ್ಕು, "ಅದೆಲ್ಲ ಪೇಪರಿನ ಸುದ್ದಿ ಮಾವ, ನೀವು ತಲೆ ಕೆಡಿಸ್ಕೋಬೇಡಿ" ಎಂದು ಸಮಾಧಾನ ಹೇಳುತ್ತೇನೆ. ಅವರೂ ಎಂದಿನಂತೆ, "ನಗ್ತಾ ಇದ್ದೀರಲ್ಲ, ಬಿಡಿ" ಎಂದು ಫೋನಿಡುತ್ತಾರೆ.

ಈ ನಗುವಿನ ವಿಷಯವನ್ನೇ ಇವತ್ತು ನಿಮ್ಮ ಹತ್ತಿರ ಮಾತಾಡೋಣ ಎಂದುಕೊಂಡಿದ್ದೇನೆ.

ಮಾವನವರು ಭಾನುವಾರ ಎರಡು ಗೆರೆ ಎಳೆದ ಸುದ್ದಿ ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಟೀ ಜೊತೆಗಿನ ಕುರುಕಲು ತಿಂಡಿ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ನಮ್ಮ ಆಫೀಸಿನಲ್ಲಿ ಬಿಟ್ಟಿ ಕಾಫಿ ಕೊಡುವ ಯಂತ್ರವೇನೋ ಇದೆ. ಆದರೂ ನಾವು ನಾಲ್ಕೈದು ಜನ ಒಂಬತ್ತು ಮಹಡಿ ಇಳಿದು, ಗೇಟು ದಾಟಿ, ಹೊಂಗೆ ಮರದ ಕೆಳಗಿನ ಗೂಡಂಗಡಿಯಲ್ಲಿ ನಿಂತು ಬೈಟು ಟೀ ಕುಡಿಯುತ್ತೇವೆ. ಅಲ್ಲಿ ಸಾಫ್ಟ್‌ವೇರ್ ಲೋಕದ ಯಾವ ಸುದ್ದಿಗೂ ರಿಯಾಯಿತಿ ಇಲ್ಲ.

2024ರ ಫೆಬ್ರುವರಿಯಲ್ಲಿ ದುಬೈನ ಒಂದು ಸಮಾವೇಶದಲ್ಲಿ ಎನ್‌ವಿಡಿಯಾ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು ಇನ್ನು ಮಕ್ಕಳು ಪ್ರೋಗ್ರಾಮಿಂಗ್ ಕಲಿಯಬೇಕಾಗಿಲ್ಲ ಎಂಬರ್ಥದ ಮಾತಾಡಿದರು. ನಮ್ಮ ದಾವಣಗೆರೆಯ ಗೆಳೆಯ ಕೂಡಲೇ ಜೇಬಿನಿಂದ ಫೋನು ತೆಗೆದ. "ಯಾರಿಗಪ್ಪಾ?" ಎಂದರೆ, "ನನ್ನ ಮಗನ ಕೋಡಿಂಗ್ ಕ್ಲಾಸಿಗೆ. ಕಟ್ಟಿದ ಫೀಸು ವಾಪಸ್ ಕೇಳೋಣ ಅಂತ."

ಅದೇ ವರ್ಷ ಅಕ್ಟೋಬರಿನಲ್ಲಿ, ಗೂಗಲ್‌ನಲ್ಲಿ ಹೊಸದಾಗಿ ಸೇರುವ ಕೋಡಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಯಂತ್ರವೇ ಬರೆಯುತ್ತದೆ, ಎಂಜಿನಿಯರುಗಳು ಅದನ್ನು ನೋಡಿ ಒಪ್ಪುತ್ತಾರೆ ಎಂದು ಸುಂದರ್ ಪಿಚೈ ಹೇಳಿದರು. ಉಡುಪಿಯ ನಮ್ಮ ಹಿರಿಯ ಸಹೋದ್ಯೋಗಿ ಟೀ ಊದಿಕೊಳ್ಳುತ್ತಾ, "ಸರಿ ಮತ್ತೆ, ಉಳಿದ ಮುಕ್ಕಾಲು ಭಾಗ ಆ ಕಾಲು ಭಾಗವನ್ನು ಸರಿ ಮಾಡ್ಲಿಕ್ಕೆ" ಎಂದರು.

2025ರ ಮಾರ್ಚಿನಲ್ಲಿ ಆಂಥ್ರಾಪಿಕ್ ಕಂಪನಿಯ ದಾರಿಯೋ ಅಮೊಡೈ ಅವರು, ಮೂರರಿಂದ ಆರು ತಿಂಗಳಲ್ಲಿ ಶೇ. 90ರಷ್ಟು ಕೋಡನ್ನು ಯಂತ್ರವೇ ಬರೆಯುವ ಸ್ಥಿತಿ ಬರಬಹುದು ಎಂದರು. "ಮೂರರಿಂದ ಆರು ಅಂದ್ರ ನಮ್ಮ ಮ್ಯಾನೇಜರ್ ಹೇಳೋ 'ಎಲ್ಡು ದಿನ' ಇದ್ದಂಗ್ರಿ" ಎಂದು ಧಾರವಾಡದವನು ತೀರ್ಪು ಕೊಟ್ಟ.

ಈ ಮಾತುಗಳನ್ನು ಕೇಳಿದ ಹೊರಗಿನವರಿಗೆ, ಇವರಿಗೇನು ಸೊಕ್ಕೋ, ಮೊಂಡುತನವೋ ಎನ್ನಿಸಬಹುದು. ಎರಡೂ ಸ್ವಲ್ಪ ಸ್ವಲ್ಪ ಇದೆ. ಆದರೆ ಮುಖ್ಯ ಕಾರಣ ಬೇರೆ. ನಮ್ಮ ಕಸುಬು ಹುಟ್ಟಿದಾಗಿನಿಂದ ಅದರ ಸಾವಿನ ಸುದ್ದಿಯೂ ಜೊತೆಯಲ್ಲೇ ಬರುತ್ತಿದೆ. 1957ರಲ್ಲಿ ಐ.ಬಿ.ಎಂ. ಕಂಪನಿ ಫೋರ್‌ಟ್ರಾನ್ ಭಾಷೆಯನ್ನು ಹೊರತಂದಾಗ, ಗಣಿತದ ಸೂತ್ರವನ್ನು ಬರೆದುಕೊಟ್ಟರೆ ಸಾಕು, ಯಂತ್ರಕ್ಕೆ ಬೇಕಾದ ಆಜ್ಞೆಗಳನ್ನು ಯಂತ್ರವೇ ತಯಾರಿಸಿಕೊಳ್ಳುತ್ತದೆ ಎಂದಿದ್ದರು. ಎರಡು ವರ್ಷದ ನಂತರ ಕೋಬಾಲ್ ಭಾಷೆಯ ರಚನೆ ಶುರುವಾಯಿತು. ಅದು ಇಂಗ್ಲಿಷ್ ವಾಕ್ಯದಂತೆಯೇ ಇರುತ್ತದೆ, ವ್ಯವಹಾರಸ್ಥರೂ ಓದಿ ತಿಳಿಯಬಹುದು ಎಂಬ ಆಸೆ. ಎಂಬತ್ತರ ದಶಕದಲ್ಲಂತೂ ಪ್ರೋಗ್ರಾಮರುಗಳೇ ಇಲ್ಲದೆ ಪ್ರೋಗ್ರಾಮ್ ತಯಾರಿಸುವುದು ಹೇಗೆ ಎಂದು ಪುಸ್ತಕಗಳೇ ಬಂದವು.

ಆದದ್ದೇನು? ಕೆಲಸ ಸುಲಭವಾದಷ್ಟೂ ಕೆಲಸ ಕೇಳುವವರು ಹೆಚ್ಚಾದರು. ಹಿಟ್ಟಿನ ಗಿರಣಿ ಬಂದ ಮೇಲೆ ಊರಿನಲ್ಲಿ ದೋಸೆ ಕಡಿಮೆಯಾಯಿತೇ? ನನ್ನದೇ ಉದಾಹರಣೆ ನೋಡಿ. ವ್ಯವಹಾರಸ್ಥರೇ ಓದಿಕೊಳ್ಳಲಿ ಎಂದು ಮಾಡಿದ್ದ ಆ ಕೋಬಾಲೇ, ನಲವತ್ತು ವರ್ಷದ ನಂತರ ನನಗೆ ಮೊದಲ ಸಂಬಳ ಕೊಟ್ಟಿತು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರಿಂದ 2000 ಬಂದಾಗ ಯಂತ್ರಗಳು ಅದನ್ನು 1900 ಎಂದು ತಿಳಿದಾವು ಎಂಬ ಭಯ ಆಗ ಜಗತ್ತಿಗೆಲ್ಲ. ಆ 'ವೈ2ಕೆ' ಕೆಲಸಕ್ಕೆ ಬೆಂಗಳೂರಿನ ಕಂಪನಿಗಳು ಹುಡುಗರನ್ನು ಸಾಲುಸಾಲಾಗಿ ಸೇರಿಸಿಕೊಂಡವು. 1999ರ ಡಿಸೆಂಬರ್ 31ರ ರಾತ್ರಿ ಊರೆಲ್ಲ ಪಟಾಕಿ ಹೊಡೆಯುತ್ತಿದ್ದಾಗ ನಾನು ಹಸಿರು ಅಕ್ಷರದ ಪರದೆಯ ಮುಂದೆ ಕೂತು ಚಿತ್ರಾನ್ನ ತಿನ್ನುತ್ತಿದ್ದೆ.

ಇನ್ನೊಂದು ಕಾರಣವೂ ಇದೆ. ಸುದ್ದಿಯಲ್ಲಿ ಬರುವುದು ಯಂತ್ರ ಓಡಿದ ಕಥೆ. ನಮಗೆ ಗೊತ್ತಿರುವುದು ಅದು ನಿಂತ ಕಥೆ. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿ, ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವ ತನ್ನ ಸಾಫ್ಟ್‌ವೇರಿಗೆ ಒಂದು ಹೊಸ ಕಡತ ಕಳುಹಿಸಿತು. ನಮ್ಮ ಗಡಿಯಾರದಲ್ಲಿ ಆಗ ಬೆಳಿಗ್ಗೆ 9 ಗಂಟೆ 39 ನಿಮಿಷ. ತಪ್ಪು ತಿಳಿದು 78 ನಿಮಿಷದಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟರೊಳಗೆ, ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಮುಖ ಮಾಡಿಕೊಂಡು ಮಲಗಿದ್ದವು. ಜಗತ್ತಿನಾದ್ಯಂತ ಸಾವಿರಾರು ವಿಮಾನಗಳು ರದ್ದಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು.

ತಪ್ಪು ಎಷ್ಟು ದೊಡ್ಡದು ಎನ್ನುತ್ತೀರಿ? ಒಂದು ಅಂಕಿ. ಒಂದು ಕಡೆ 21 ಖಾನೆಗಳಿವೆ ಎಂದು ಬರೆದಿತ್ತು. ಇನ್ನೊಂದು ಕಡೆ ತುಂಬಿ ಕೊಡುತ್ತಿದ್ದದ್ದು 20. ಇಪ್ಪತ್ತೊಂದನೆಯದನ್ನು ಹುಡುಕಿಕೊಂಡು ಹೋದ ಪ್ರೋಗ್ರಾಮು ತನ್ನದಲ್ಲದ ಜಾಗಕ್ಕೆ ಕೈಹಾಕಿತು. ವಿಂಡೋಸ್ ಅಲ್ಲೇ ನಿಂತಿತು. ಸರಿಪಡಿಸಲು ಬಹುತೇಕ ಕಡೆ ಒಬ್ಬೊಬ್ಬ ಮನುಷ್ಯ ಒಂದೊಂದು ಕಂಪ್ಯೂಟರಿನ ಮುಂದೆ ಕೂತು ಆ ಕಡತವನ್ನು ಅಳಿಸಬೇಕಾಯಿತು.

ನಮ್ಮ ಗೂಡಂಗಡಿಯಲ್ಲಿ ಅಂದು ಜೋಕುಗಳ ಮಳೆ. ಶುಕ್ರವಾರ ಹೊಸದೇನನ್ನೂ ಬಿಡುಗಡೆ ಮಾಡಬಾರದು ಎಂಬುದು ನಮ್ಮಲ್ಲಿ ಅಮಾವಾಸ್ಯೆಯ ಪ್ರಯಾಣದಷ್ಟೇ ಗಟ್ಟಿಯಾದ ನಿಷೇಧ. ಆದರೆ ನಗುವಿನ ನಡುವೆ ಉಡುಪಿಯವರು, "ಪಾಪ, ಆ ಕಡತ ಕಳಿಸಿದವರ ಕೈ ಈಗ ಹೇಗೆ ನಡುಗ್ತಾ ಇರಬಹುದು" ಎಂದಾಗ ಎಲ್ಲರೂ ಸುಮ್ಮನಾದೆವು. ಅಂಥ ನಡುಕ ಒಮ್ಮೆಯಾದರೂ ಅನುಭವಿಸದವರು ನಮ್ಮಲ್ಲಿ ಯಾರೂ ಇಲ್ಲ. ಮುಂದಿನ ತಿಂಗಳು ಲಾಸ್ ವೇಗಾಸ್‌ನ ಒಂದು ಸಮಾವೇಶದಲ್ಲಿ ಆ ಕಂಪನಿಗೆ 'ಮಹಾ ವೈಫಲ್ಯ'ದ ಪ್ರಶಸ್ತಿ ಕೊಟ್ಟು ಲೇವಡಿ ಮಾಡಿದರು. ಕಂಪನಿಯ ಅಧ್ಯಕ್ಷ ಮೈಕೆಲ್ ಸೆಂಟೋನಾಸ್ ತಾವೇ ವೇದಿಕೆ ಹತ್ತಿ ಅದನ್ನು ಪಡೆದರು. ನಮ್ಮ ಜನ ಎಲ್ಲರಿಗೂ ಕಾಣುವಂತೆ ಕಚೇರಿಯಲ್ಲಿ ಇಡುತ್ತೇನೆ ಎಂದರು. ಆ ಮನುಷ್ಯನ ಮೇಲೆ ನಮಗೆಲ್ಲ ಗೌರವ ಹುಟ್ಟಿತು.

2025ರ ಜುಲೈನಲ್ಲಿ ಇನ್ನೊಂದು. ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಎಂಬ ಕಂಪನಿಯ ಎ.ಐ. ಸಹಾಯಕನಿಂದ ಒಂದು ಪ್ರೋಗ್ರಾಮ್ ಮಾಡಿಸುತ್ತಿದ್ದರು. ಈಗ ಏನನ್ನೂ ಮುಟ್ಟಬೇಡ ಎಂದು ಹೇಳಿದ್ದರೂ ಅದು ಅವರ ದತ್ತಾಂಶವನ್ನೆಲ್ಲ ಅಳಿಸಿ ಹಾಕಿತು. ಆಮೇಲೆ ತಪ್ಪೊಪ್ಪಿಕೊಂಡು, ಇದನ್ನು ಮರಳಿ ಪಡೆಯಲು ಆಗದು ಎಂದೂ ಹೇಳಿತು. ನೋಡಿದರೆ ಮರಳಿ ಪಡೆಯಲು ಸಾಧ್ಯವಿತ್ತು! ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. "ಹೇಳಿದ ಮಾತು ಕೇಳದೆ ಅಳಿಸೋದು, ಆಮೇಲೆ ಗಾಬರಿಗೆ ಸುಳ್ಳು ಹೇಳೋದು. ನೋಡ್ರಪ್ಪಾ, ಪೂರ್ತಿ ನಮ್ಮಂಗೇ ಆಗೈತಿ" ಎಂದ ಧಾರವಾಡದವನು.

ಅದೇ ತಿಂಗಳು ಒಂದು ಸಂಶೋಧನೆಯ ಫಲಿತಾಂಶವೂ ಬಂತು. ನುರಿತ 16 ಪ್ರೋಗ್ರಾಮರುಗಳಿಗೆ ಎ.ಐ. ಸಾಧನ ಕೊಟ್ಟು ಅವರದೇ ಪರಿಚಿತ ಕೆಲಸ ಮಾಡಿಸಿದರು. ತಮ್ಮ ಕೆಲಸ ಶೇ. 20ರಷ್ಟು ಬೇಗ ಆಯಿತು ಎಂದು ಅವರು ನಂಬಿದ್ದರು. ಗಡಿಯಾರ ನೋಡಿದರೆ ಶೇ. 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಆ ದಿನ ನಾವು ನಕ್ಕದ್ದೇ ನಕ್ಕದ್ದು. ಟೀ ಮುಗಿಸಿ ಮೇಲೆ ಹೋದೆವು. ಹೋಗಿ ಎಲ್ಲರೂ ಅದೇ ಎ.ಐ. ಸಾಧನವನ್ನು ತೆರೆದು ಕೂತೆವು.

ಇಲ್ಲಿಂದ ಮುಂದಿನದು ನಗುವ ಮಾತಲ್ಲ.

ನಿಜ ಹೇಳಬೇಕೆಂದರೆ ಆ ಯಂತ್ರ ಬರೆಯುವುದು ಚೆನ್ನಾಗಿಯೇ ಇರುತ್ತದೆ. ಆ ಸಂಶೋಧನೆ ನೋಡಿದ್ದು ಹದಿನಾರೇ ಜನರನ್ನು, ಅದೂ 2025ರ ಆರಂಭದ ಸಾಧನಗಳಲ್ಲಿ. ಸಾಧನಗಳು ಆಮೇಲೆ ಇನ್ನೂ ಚುರುಕಾಗಿವೆ. ಮೊದಲು ಸಣ್ಣಪುಟ್ಟ ದೋಷ ಬಂದರೆ, "ಮರಿ, ಇದನ್ನು ನೋಡು" ಎಂದು ಹೊಸಬರ ಮೇಜಿಗೆ ತಳ್ಳುತ್ತಿದ್ದೆವು. ಅವರು ಎರಡು ದಿನ ಒದ್ದಾಡಿ, ಇನ್ನೆರಡು ಕಡೆ ಕೆಡಿಸಿ, ಕೊನೆಗೆ ಸರಿ ಮಾಡಿಕೊಂಡು ಬರುತ್ತಿದ್ದರು. ಈಗ ಯಂತ್ರಕ್ಕೆ ಹೇಳಿದರೆ ಹತ್ತು ನಿಮಿಷ. ನಾನು ನೋಡಿ, ತಲೆಯಾಡಿಸಿ, ಮುಂದಕ್ಕೆ ಕಳಿಸುತ್ತೇನೆ.

ನಮ್ಮ ತಂಡಕ್ಕೆ ಎರಡು ವರ್ಷದಲ್ಲಿ ಹೊಸದಾಗಿ ಸೇರಿದವಳು ಒಬ್ಬಳೇ, ಚಿತ್ರದುರ್ಗದ ಕಡೆಯ ಹುಡುಗಿ. ಒಂದು ದಿನ ಗೂಡಂಗಡಿಗೆ ಅವಳನ್ನೂ ಕರೆದೊಯ್ದೆವು. ನಮ್ಮ ಜೋಕುಗಳನ್ನೆಲ್ಲ ಮರ್ಯಾದೆಗೆ ಕೇಳಿಸಿಕೊಂಡಳು, ನಗಲಿಲ್ಲ. ವಾಪಸ್ ಬರುವಾಗ ಲಿಫ್ಟಿನಲ್ಲಿ ಕೇಳಿದಳು: "ಸರ್, ನೀವು ಸೇರಿದ ಹೊಸತರಲ್ಲಿ ತಪ್ಪು ಕಂಡುಹಿಡಿಯೋದು ಹೇಗೆ ಕಲಿತ್ರಿ?"

"ತಪ್ಪು ಮಾಡಿ ಮಾಡಿ ಕಲಿತ್ವಮ್ಮ" ಎಂದೆ.

"ಈಗ ನಾನು ತಪ್ಪು ಮಾಡೋಷ್ಟರಲ್ಲಿ ಅದು ಸರಿಯಾಗಿ ಬರೆದುಬಿಟ್ಟಿರುತ್ತೆ ಸರ್."

ಒಂಬತ್ತನೇ ಮಹಡಿ ಬಂತು. ಉತ್ತರ ಹೇಳದೆ ಇಳಿದೆ.

ಆ ವಾರದ ಭಾನುವಾರ ತಿಪಟೂರಿನ ಫೋನು ಬಂದಾಗ ನಾನೇ ಮೊದಲು ಕೇಳಿದೆ: "ಮಾವ, ನಿಮ್ಮ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನೀವು ಗಲಾಟೆ ಮಾಡಿದ್ರಲ್ಲ, ಆಮೇಲೆ ಎಷ್ಟು ಜನರ ಕೆಲಸ ಹೋಯಿತು?"

ಮಾವನವರು ಆ ಕಾಲದಲ್ಲಿ ನೌಕರರ ಸಂಘದ ಹುರಿಯಾಳು. ಬ್ಯಾಂಕಿನ ಬಾಗಿಲಲ್ಲಿ ನಿಂತು ಘೋಷಣೆ ಕೂಗಿದವರು. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ಸಂಘಗಳಿಗೂ ಒಪ್ಪಂದವಾಗಿ, ಯಂತ್ರ ಬರಲಿ, ಆದರೆ ಮಿತಿಯಲ್ಲಿ ಬರಲಿ ಎಂದಾಯಿತು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂತು. ಆಮೇಲೆ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು, ಎ.ಎಲ್.ಪಿ.ಎಂ. ಎನ್ನುತ್ತಿದ್ದರು, ಒಂದೊಂದಾಗಿ ಬಂದವು.

"ಯಾರ ಕೆಲಸಾನೂ ಹೋಗ್ಲಿಲ್ಲ" ಎಂದರು ಮಾವ. "ನಾವು ಅದಕ್ಕೆ ಹೆದರಿದ್ವು, ಅದಾಗ್ಲಿಲ್ಲ. ನಮ್ಮನ್ನ ಯಾರೂ ಮನೆಗೆ ಕಳಿಸ್ಲಿಲ್ಲ ಅಳಿಯಂದ್ರೇ. ಬರಬೇಕಾದವರು ಬರ್ಲಿಲ್ಲ. ಒಬ್ರು ರಿಟೈರ್ ಆದ್ರೆ ಆ ಕುರ್ಚಿ ಹಾಗೇ ಇರ್ತಿತ್ತು. ಆಮೇಲೆ ಅದರ ಮೇಲೆ ಹಳೇ ಫೈಲು ಜೋಡಿಸಿದ್ವು. ಆ ಕುರ್ಚಿಗೆ ಬರಬೇಕಾಗಿದ್ದ ಹುಡುಗ ಯಾರು ಅಂತ ಯಾರಿಗೆ ಗೊತ್ತು? ಅವನ ಪರವಾಗಿ ಘೋಷಣೆ ಕೂಗೋಕೆ ಅವನ ಹೆಸರೇ ಇರ್ಲಿಲ್ವಲ್ಲ."

2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ಸರ್ಕಾರಿ ಬ್ಯಾಂಕುಗಳ ಲಕ್ಷದಷ್ಟು ನೌಕರರು ಹೊರಬಂದರು. ಮಾವನವರೂ ಅವರಲ್ಲಿ ಒಬ್ಬರು.

"ಜನಕ್ಕೆ ಒಳ್ಳೇದೇ ಆಯ್ತು, ಸುಳ್ಳು ಯಾಕೆ ಹೇಳ್ಲಿ" ಎಂದು ಅವರೇ ಮುಂದುವರಿಸಿದರು. "ಮುಂಚೆ ಅರ್ಧ ವರ್ಷದ ಬಡ್ಡಿ ಹಾಕೋವಾಗ ರಾತ್ರಿ ಹತ್ತಾದ್ರೂ ಲೆಕ್ಕ ತಾಳೆ ಆಗ್ತಿರ್ಲಿಲ್ಲ. ಆವಾಗ ನಮ್ಮ ಹೆಡ್ ಕ್ಲರ್ಕು ಒಂದು ಗುಟ್ಟು ಹೇಳಿಕೊಟ್ಟಿದ್ರು. ವ್ಯತ್ಯಾಸ ಬಂದಿದ್ದನ್ನ ಒಂಬತ್ತರಿಂದ ಭಾಗಿಸಿ ನೋಡು, ಶೇಷ ಉಳೀಲಿಲ್ಲ ಅಂದ್ರೆ ಅಂಕಿ ಹಿಂದುಮುಂದಾಗಿರಬೇಕು ಅಂತ. 450 ಬರೆಯೋ ಕಡೆ 540 ಬರೆದ್ರೆ ವ್ಯತ್ಯಾಸ 90. ನೋಡಿ, ಒಂಬತ್ತರಲ್ಲಿ ಹೋಗುತ್ತೆ. ನಾನೂ ಹತ್ತಾರು ಹುಡುಗರಿಗೆ ಹೇಳಿಕೊಟ್ಟೆ. ಮಷೀನು ಬಂದ ಮೇಲೆ ಅದನ್ನ ಯಾರಿಗೂ ಹೇಳೋ ಪ್ರಮೇಯ ಬರ್ಲಿಲ್ಲ. ಹೇಳೋಕೆ ಹುಡುಗರೂ ಇರ್ಲಿಲ್ಲ."

ನಾನು ಎಷ್ಟೋ ಹೊತ್ತು ಮಾತಾಡಲಿಲ್ಲ. ಮಾವನವರ ಕುರ್ಚಿಯ ಪಕ್ಕದ ಕುರ್ಚಿಯನ್ನು ಖಾಲಿ ಮಾಡಿದ ಕಂಪ್ಯೂಟರೇ ನನಗೆ ಕುರ್ಚಿ ಹಾಕಿಕೊಟ್ಟಿದ್ದು. ಅದಕ್ಕಾಗಿಯೇ ಇರಬೇಕು, ಯಾವ ಸುದ್ದಿ ಬಂದರೂ ನನಗೆ ನಗು ಬರುತ್ತಿದ್ದದ್ದು. ಕೂತವನಿಗೆ ನಗುವುದು ಸುಲಭ.

ನಮ್ಮ ಅಕ್ಕನ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿದ. ಕಡೆಯ ವರ್ಷದಲ್ಲೇ ಒಂದು ಕಂಪನಿಯ ಆಫರ್ ಲೆಟರ್ ಕೈಗೆ ಬಂದಿತ್ತು. ಅಕ್ಕ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದಳು. ಸೇರುವ ದಿನಾಂಕ ಮಾತ್ರ ಬರಲಿಲ್ಲ. ಮುಂದಿನ ತಿಂಗಳು, ಮುಂದಿನ ತ್ರೈಮಾಸಿಕ ಎನ್ನುತ್ತಾ ಒಂದೂವರೆ ವರ್ಷ ಕಳೆದು, ಕೊನೆಗೆ ವಿಷಾದದ ಎರಡು ಸಾಲು ಬಂತು. ಈಗ ಅವನು ವಾಹನ ವಿಮೆ ಮಾಡಿಸುವ ಒಂದು ಕಚೇರಿಯಲ್ಲಿದ್ದಾನೆ. ಅವನ ಕೆಲಸ ಹೋಯಿತು ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಇದ್ದರೆ ತಾನೇ ಹೋಗುವುದು?

ಎಲ್ಲವನ್ನೂ ಎ.ಐ. ತಲೆಗೆ ಕಟ್ಟುವುದು ಸರಿಯಲ್ಲ. ಕೊರೊನಾ ಕಾಲದಲ್ಲಿ ಕಂಪನಿಗಳು ಹಿಂದುಮುಂದು ನೋಡದೆ ಜನರನ್ನು ಸೇರಿಸಿಕೊಂಡಿದ್ದವು. ಆಮೇಲೆ ಅಮೆರಿಕದ ಗಿರಾಕಿಗಳು ಕೈ ಬಿಗಿಹಿಡಿದರು. 2023-24ರಲ್ಲಿ ಟಿ.ಸಿ.ಎಸ್.ನ ನೌಕರರ ಸಂಖ್ಯೆ 13 ಸಾವಿರಕ್ಕೂ ಹೆಚ್ಚು, ಇನ್ಫೋಸಿಸ್‌ನದು ಸುಮಾರು 26 ಸಾವಿರ ಕಡಿಮೆಯಾಯಿತು. ಇಷ್ಟು ಜನರನ್ನು ಹೊರಗೆ ಹಾಕಿದರು ಎಂದು ಇದರ ಅರ್ಥವಲ್ಲ. ಬಿಟ್ಟು ಹೋದವರ ಜಾಗಕ್ಕೆ ಅಷ್ಟೇ ಜನ ಬರಲಿಲ್ಲ. 2025ರ ಜುಲೈನಲ್ಲಿ ಟಿ.ಸಿ.ಎಸ್. ಸುಮಾರು 12 ಸಾವಿರ ಜನರನ್ನು ತೆಗೆಯುವುದಾಗಿ ಹೇಳಿದಾಗ ಅದು ಮುಖಪುಟದ ಸುದ್ದಿಯಾಯಿತು. ಮಾವನವರು ಎರಡು ಗೆರೆ ಎಳೆದರು. ಅದಕ್ಕೂ ಮುಂಚೆ ಬಾರದೆ ಹೋದವರಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ.

ಖಾನೆ ಇಪ್ಪತ್ತೋ ಇಪ್ಪತ್ತೊಂದೋ ಎಂದು ಎಣಿಸಿ ನೋಡುವ ಕಣ್ಣು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ನನಗೆ ಅದು ಬಂದದ್ದು 1999ರಲ್ಲಿ, ನನ್ನ ಪಕ್ಕ ಕೂತು, ನಾನು ಕೆಡಿಸಿದ್ದನ್ನು ನನ್ನಿಂದಲೇ ಸರಿ ಮಾಡಿಸಿದ ಒಬ್ಬ ಹಿರಿಯರಿಂದ. ಅವರಿಗೂ ತಾವೇ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಮಾಡಲಿಲ್ಲ.

ಸೋಮವಾರ ಒಂದು ಸಣ್ಣ ದೋಷ ಬಂತು. ಗಿರಾಕಿಯ ರಸೀದಿಯಲ್ಲಿ ಎಲ್ಲೋ ಒಂದು ರೂಪಾಯಿ ಹೆಚ್ಚುಕಡಿಮೆ. ಯಂತ್ರಕ್ಕೆ ಕೊಡಲಿಲ್ಲ. ಚಿತ್ರದುರ್ಗದ ಹುಡುಗಿಯ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. "ಇದನ್ನ ನೀನೇ ಹುಡುಕಮ್ಮ. ಯಂತ್ರವನ್ನ ಕೇಳ್ಬೇಡ. ಕೊನೇಲಿ ಬೇಕಾದ್ರೆ ಕೇಳು, ಅದು ಹೇಳಿದ್ದು ಸರಿಯೋ ತಪ್ಪೋ ನೀನು ಹೇಳು."

ಎರಡು ದಿನ ಹಿಡಿಯಿತು. ಮಧ್ಯೆ ಇನ್ನೊಂದು ಕಡೆ ಕೆಡಿಸಿದಳು. ಬುಧವಾರ ಮ್ಯಾನೇಜರ್ ನನ್ನನ್ನು ಕರೆದು, ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಯಾಕಾಯಿತು ಎಂದು ಕೇಳಿದರು. "ಶೇ. 19ರಷ್ಟು ನಿಧಾನ ಆಗುತ್ತೆ ಅಂತ ಸಂಶೋಧನೆ ಇದೆ ಸರ್" ಎಂದೆ. ಅವರಿಗೆ ಜೋಕು ತಿಳಿಯಲಿಲ್ಲ. ಮುಂದಿನ ಸಲ ಇಂಥ ಉತ್ತರ ನಡೆಯುವುದಿಲ್ಲ ಎಂದು ನನಗೂ ಗೊತ್ತು. ಪ್ರತಿ ಸಲ ಎರಡು ದಿನ ಕೊಡುವ ಕಂಪನಿ ಇದಲ್ಲ, ಬಹುಶಃ ಯಾವುದೂ ಅಲ್ಲ. ಆದರೂ ತಿಂಗಳಿಗೆ ಒಂದನ್ನಾದರೂ ಕದ್ದುಮುಚ್ಚಿ ಅವಳ ಮೇಜಿಗೆ ತಳ್ಳುವುದೆಂದು ಉಡುಪಿಯವರೂ ನಾನೂ ಮಾತಾಡಿಕೊಂಡಿದ್ದೇವೆ.

ಈ ಭಾನುವಾರ ಮಾವನವರಿಗೆ ಇದನ್ನೆಲ್ಲ ಹೇಳಿದೆ. ಅವರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು:

"ಆ ಮಗುಗೆ ಒಂಬತ್ತರ ಲೆಕ್ಕ ಹೇಳಿಕೊಟ್ರಾ?"

ಇಲ್ಲ ಎಂದೆ. ಫೋನನ್ನು ಅವಳಿಗೇ ಮಾಡಿಸಿ, ತಾವೇ ಹೇಳಿಕೊಡುತ್ತಾರಂತೆ.